ಶಾಸಕರ ಕೆಲಸವನ್ನು ಅಂಕಿಯಲ್ಲಿ ಅಳೆಯುವುದು ಹೇಗೆ: ಹಾಸನ, ಚಿಕ್ಕಮಗಳೂರು ಕ್ಷೇತ್ರಗಳಿಗೊಂದು ಸಮಗ್ರ ಮಾರ್ಗದರ್ಶಿ

ಹಾಸನ ಜಿಲ್ಲೆಯಲ್ಲಿ ಏಳು, ಚಿಕ್ಕಮಗಳೂರಿನಲ್ಲಿ ಐದು, ಒಟ್ಟು 12 ವಿಧಾನಸಭಾ ಕ್ಷೇತ್ರಗಳು. ‘ನಮ್ಮ ಎಮ್ಮೆಲ್ಲೆ ಏನು ಮಾಡಿದ್ರು?’ ಎಂದು ಕೇಳಿದರೆ ಊರಲ್ಲಿ ಸಿಗುವುದು ಫ್ಲೆಕ್ಸ್ ಭಾಷೆಯ ಹೊಗಳಿಕೆ, ಇಲ್ಲವೇ ಚಹಾ ಅಂಗಡಿಯ ಬೈಗುಳ. ದಾಖಲೆ ಮುಂದಿಟ್ಟುಕೊಂಡು ಮಾತಾಡಲು ಬೇಕಾದ ಕಾಗದವೆಲ್ಲ ಸರ್ಕಾರಿ ಕಚೇರಿಗಳಲ್ಲೇ ಇದೆ. ಅದನ್ನು ತೆಗೆಸುವುದು, ಎಣಿಸುವುದು, ಎಣಿಸಿದ ಮೇಲೆ ತಪ್ಪು ಅರ್ಥ ಕಟ್ಟದಿರುವುದು ಹೇಗೆಂದು ಇಲ್ಲಿ ಹೇಳಿದ್ದೇವೆ. ಬೇಕಾಗುವುದು ಒಂದು ಲ್ಯಾಪ್‌ಟಾಪ್, ಎಕ್ಸೆಲ್ ಅಥವಾ ಲಿಬ್ರೆಆಫೀಸ್, ಕನಿಷ್ಠ ಇಬ್ಬರು ಜನ, ಮಾಹಿತಿ ಹಕ್ಕು ಅರ್ಜಿಗಳಿಗೆ ಸ್ವಲ್ಪ ದುಡ್ಡು. ತಾಳ್ಮೆ ಮಾತ್ರ ಸ್ವಲ್ಪ ಸಾಲದು.

ಮತದಾನ ದಾಖಲೆ ಎಂಬ ಖಾಲಿ ಹಾಳೆ

ಅಮೆರಿಕದ ರಾಜ್ಯ ಶಾಸನಸಭೆಗಳಲ್ಲಿ ಮಸೂದೆಗಳ ಮೇಲೆ ಪ್ರತಿ ಸದಸ್ಯ ಹೌದು ಅಂದನೋ ಇಲ್ಲ ಅಂದನೋ ಹೆಸರು ಸಮೇತ ದಾಖಲಾಗುತ್ತದೆ. ಅಂಥ ನೂರಾರು ಮತಗಳನ್ನು ಸೇರಿಸಿ ಸದಸ್ಯರನ್ನು ಒಂದು ಗೆರೆಯ ಮೇಲೆ ಎಡದಿಂದ ಬಲಕ್ಕೆ ಜೋಡಿಸುವ ನಾಮಿನೇಟ್‌ನಂಥ ವಿಧಾನಗಳು ಅಲ್ಲಿ ದಶಕಗಳಿಂದ ಬಳಕೆಯಲ್ಲಿವೆ. ಅದನ್ನು ನೋಡಿ ನಮ್ಮಲ್ಲೂ ಹಾಗೆ ಮಾಡಲು ಹೊರಟವರು ಮೊದಲ ವಾರವೇ ಕೈಚೆಲ್ಲುತ್ತಾರೆ.

ಕಾರಣ ಎರಡು. ನಮ್ಮ ವಿಧಾನಸಭೆಯಲ್ಲಿ ಬಹುತೇಕ ಮಸೂದೆಗಳು ಧ್ವನಿಮತದಲ್ಲಿ ಅಂಗೀಕಾರವಾಗುತ್ತವೆ. ಯಾರ ಧ್ವನಿ ಯಾವ ಕಡೆ ಇತ್ತು ಎಂಬುದು ನಡಾವಳಿಯಲ್ಲಿ ಇರುವುದಿಲ್ಲ. ಮತ ವಿಭಜನೆ ನಡೆದರಷ್ಟೇ ತಲೆ ಎಣಿಕೆ, ಅದು ಅಪರೂಪ. ಎರಡನೆಯದು ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆ. ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೂ, ಮತ ಹಾಕದೆ ಹೊರಗುಳಿದರೂ ಶಾಸಕ ಸ್ಥಾನಕ್ಕೇ ಕುತ್ತು. ಹಾಗಾಗಿ ಮತ ದಾಖಲಾದ ದಿನವೂ ಕಾಣುವುದು ಪಕ್ಷದ ತೀರ್ಮಾನ.

2019ರ ಜುಲೈ 23ರ ವಿಶ್ವಾಸಮತವನ್ನೇ ನೋಡಿ. ಕುಮಾರಸ್ವಾಮಿ ಸರ್ಕಾರದ ಪರ 99, ವಿರುದ್ಧ 105. ನಮ್ಮ 12 ಕ್ಷೇತ್ರಗಳಲ್ಲಿ ಆಗ ಜೆಡಿಎಸ್ ಆರು, ಕಾಂಗ್ರೆಸ್ ಒಂದು, ಬಿಜೆಪಿ ಐದು. ಮತವೂ ಪರ ಏಳು, ವಿರುದ್ಧ ಐದು. ಪಕ್ಷದ ಒಗ್ಗಟ್ಟು ಅಳೆಯುವ ರೈಸ್ ಸೂಚ್ಯಂಕಕ್ಕೆ ಸರಳ ಸೂತ್ರವಿದೆ: ಹೌದು ಮತ್ತು ಇಲ್ಲಗಳ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿ. ಈ 12 ಜನರಿಗೆ ಪಕ್ಷವಾರು ಲೆಕ್ಕ ಹಾಕಿದರೆ ಮೂರಕ್ಕೂ 100. ಎಲ್ಲರಿಗೂ ನೂರಕ್ಕೆ ನೂರು ಬರುವ ಪರೀಕ್ಷೆಯಿಂದ ಯಾರ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಇಂಥ ದತ್ತಾಂಶವನ್ನು ಎಡ–ಬಲ ಗೆರೆಯ ತಂತ್ರಾಂಶಕ್ಕೆ ತುಂಬಿದರೆ ಆಡಳಿತ ಪಕ್ಷ ಒಂದು ರಾಶಿ, ವಿರೋಧ ಪಕ್ಷ ಇನ್ನೊಂದು ರಾಶಿ ಹೊರಬರುತ್ತದೆ, ಅಷ್ಟೇ.

ಆದರೂ ಮತ ವಿಭಜನೆ ನಡೆದ ದಿನಗಳ ಪಟ್ಟಿ ಇಟ್ಟುಕೊಳ್ಳಿ. ಅಲ್ಲಿ ನೋಡಬೇಕಾದದ್ದು ಯಾರು ಇರಲಿಲ್ಲ ಎಂಬುದನ್ನು. ಅದೇ ವಿಶ್ವಾಸಮತಕ್ಕೆ ಗೈರಾದ ಕೊಳ್ಳೇಗಾಲದ ಬಿಎಸ್‌ಪಿ ಸದಸ್ಯರನ್ನು ಪಕ್ಷ ಉಚ್ಚಾಟಿಸಿತು. ರಾಜ್ಯಸಭಾ ಚುನಾವಣೆಯ ಮತವನ್ನೂ ಬೇರೆ ಕಾಲಂನಲ್ಲಿ ಬರೆಯಿರಿ. 2003ರಿಂದ ಅದು ಬಹಿರಂಗ ಮತದಾನ, ಆದರೆ ಹತ್ತನೇ ಅನುಸೂಚಿ ಅದಕ್ಕೆ ಅನ್ವಯಿಸುವುದಿಲ್ಲ. ಶಾಸಕರ ಸ್ವಂತ ನಿರ್ಧಾರ ಮತದಲ್ಲಿ ಕಾಣುವ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು.

ಹಾಗಿದ್ದರೆ ಅಳೆಯುವುದು ಯಾವುದನ್ನು? ಶಾಸಕರು ತಾವಾಗಿಯೇ ಮಾಡಬಹುದಾದ, ಮಾಡದೆಯೂ ಇರಬಹುದಾದ ಕೆಲಸವನ್ನು. ಸದನಕ್ಕೆ ಹೋಗುವುದು, ಪ್ರಶ್ನೆ ಕೇಳುವುದು, ಸೂಚನೆ ಕೊಡುವುದು, ಮಸೂದೆ ಮೇಲೆ ಮಾತಾಡುವುದು, ಕ್ಷೇತ್ರದಲ್ಲಿ ತಾವೇ ಅಧ್ಯಕ್ಷರಾದ ಸಮಿತಿಗಳ ಸಭೆ ಕರೆಯುವುದು, ಶಾಸಕರ ನಿಧಿಗೆ ಕಾಮಗಾರಿ ಸೂಚಿಸುವುದು.

ಹೆಜ್ಜೆ 1: ಛೇದ ಮೊದಲು, ಅಂಶ ಆಮೇಲೆ

ಹೆಚ್ಚಿನ ವರದಿಗಳು ಎಡವುವುದು ಇಲ್ಲೇ. ‘75 ಪ್ರಶ್ನೆ ಕೇಳಿದ್ದಾರೆ’ ಎಂದರೆ ಎಷ್ಟು ದಿನದಲ್ಲಿ? ಮೊದಲ ಹಾಳೆಯಲ್ಲಿ ಸದನ ಸೇರಿದ ಪ್ರತಿ ದಿನಕ್ಕೂ ಒಂದು ಸಾಲು ಮಾಡಿ: ದಿನಾಂಕ, ಅಧಿವೇಶನ, ಬೆಂಗಳೂರೋ ಬೆಳಗಾವಿಯೋ, ಪ್ರಶ್ನೋತ್ತರ ವೇಳೆ ಇತ್ತೋ ಇಲ್ಲವೋ, ಕಲಾಪ ಗದ್ದಲದಲ್ಲಿ ಮುಂದೂಡಿಹೋಯಿತೋ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರ ರಾಜ್ಯ ಕಾಯ್ದೆಯೇ ಹೇಳುತ್ತದೆ. ಹಲವು ವರ್ಷ ಆ ಸಂಖ್ಯೆ ಮುಟ್ಟಿಲ್ಲ. ಆದ್ದರಿಂದ 60 ಅನ್ನು ಛೇದವಾಗಿ ಇಟ್ಟುಕೊಳ್ಳಬೇಡಿ. ನಿಜಕ್ಕೂ ನಡೆದ ದಿನಗಳನ್ನೇ ಹಿಡಿಯಿರಿ. ಸದನ ಕಡಿಮೆ ಸೇರಿದ್ದು ಸರ್ಕಾರದ ಲೆಕ್ಕಕ್ಕೆ ಹೋಗಬೇಕು, ನಿಮ್ಮ ಶಾಸಕರ ಲೆಕ್ಕಕ್ಕಲ್ಲ.

ಎರಡನೇ ಹಾಳೆಯಲ್ಲಿ ಪ್ರತಿ ಸದಸ್ಯರಿಗೆ ‘ಲಭ್ಯ ದಿನ’ ಲೆಕ್ಕ ಹಾಕಿ. ಇವನ್ನೆಲ್ಲ ಕಳೆಯಬೇಕು:

ಸಚಿವರಾಗಿದ್ದ ದಿನಗಳು. ಸಚಿವರು ಪ್ರಶ್ನೆಗೆ ಉತ್ತರ ಕೊಡುವವರು, ಕೇಳುವವರಲ್ಲ. ಹೊಳೆನರಸೀಪುರದ ಎಚ್.ಡಿ. ರೇವಣ್ಣ 2019ರ ಜುಲೈವರೆಗೆ ಸಚಿವರು. ಚಿಕ್ಕಮಗಳೂರನ್ನು ಆಗ ಪ್ರತಿನಿಧಿಸುತ್ತಿದ್ದ ಸಿ.ಟಿ. ರವಿ 2019ರ ಆಗಸ್ಟ್‌ನಲ್ಲಿ ಸಚಿವರಾದರು. ಆ ಅವಧಿಯಲ್ಲಿ ಇಬ್ಬರ ಹೆಸರಿನ ಮುಂದೆ ಪ್ರಶ್ನೆಗಳ ಸಂಖ್ಯೆ ಸೊನ್ನೆ ಇದ್ದರೆ ಅದು ಸೋಮಾರಿತನದ ಸೊನ್ನೆ ಅಲ್ಲ. ಕೋಷ್ಟಕದಲ್ಲಿ ಅಲ್ಲಿ 0 ಬರೆಯದೆ ಖಾಲಿ ಬಿಡಿ. 0 ಬರೆದರೆ ಸರಾಸರಿ ಕೆಳಗಿಳಿಯುತ್ತದೆ, ಖಾಲಿ ಬಿಟ್ಟರೆ ಎಕ್ಸೆಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸಭಾಧ್ಯಕ್ಷ, ಉಪಸಭಾಧ್ಯಕ್ಷರಾಗಿದ್ದ ದಿನಗಳು. ಅಮಾನತಾದ ದಿನಗಳು: 2025ರ ಮಾರ್ಚ್‌ನಲ್ಲಿ 18 ಬಿಜೆಪಿ ಸದಸ್ಯರನ್ನು ಅಮಾನತು ಮಾಡಿದ್ದು ನೆನಪಿರಲಿ. ಹಾಗೆಯೇ ಉಪಚುನಾವಣೆಯಲ್ಲಿ ಗೆದ್ದು ನಡುವೆ ಬಂದವರಿಗೆ ಅದಕ್ಕೂ ಹಿಂದಿನ ದಿನಗಳು, ರಾಜೀನಾಮೆ ಕೊಟ್ಟವರಿಗೆ ಆಮೇಲಿನ ದಿನಗಳು. ಸಭಾತ್ಯಾಗ, ಧರಣಿಯ ದಿನಗಳನ್ನು ಮಾತ್ರ ಕಳೆಯಬೇಡಿ. ಅದು ಸದಸ್ಯರೇ ಮಾಡಿಕೊಂಡ ಆಯ್ಕೆ.

ಹೆಜ್ಜೆ 2: ಹಾಜರಾತಿ ತೆಗೆಸುವುದು

ವಿಧಾನಸಭೆ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಮೂನೆ ‘ಎ’ಯಲ್ಲಿ ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಹಾಜರಾತಿ, ಪ್ರಶ್ನೆ, ಸಮಿತಿ ಮೂರನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದೇ ನೆಪಕ್ಕೆ ವಾಪಸ್ ಬರುತ್ತದೆ.

ಇನ್ನೂ ಮುಖ್ಯವಾದದ್ದು ಕೇಳುವ ಧಾಟಿ. ‘ಶಾಸಕರ ಹಾಜರಾತಿ ಶೇಕಡಾವಾರು ಎಷ್ಟು?’ ಎಂದು ಕೇಳಿದರೆ ‘ಅಂಥ ಮಾಹಿತಿ ನಮ್ಮಲ್ಲಿ ಕ್ರೋಡೀಕೃತವಾಗಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಲೆಕ್ಕ ಹಾಕಿ ಕೊಡುವ ಹೊಣೆ ಕಾಯ್ದೆಯಲ್ಲಿ ಅಧಿಕಾರಿಗಿಲ್ಲ. ಇರುವ ದಾಖಲೆಯ ಪ್ರತಿ ಕೊಡುವ ಹೊಣೆ ಇದೆ. ಹೀಗೆ ಬರೆಯಿರಿ:

‘ದಿನಾಂಕ 01.01.2024ರಿಂದ 31.12.2024ರವರೆಗೆ ನಡೆದ ವಿಧಾನಸಭೆಯ ಎಲ್ಲ ಉಪವೇಶನಗಳಲ್ಲಿ, ಕ್ಷೇತ್ರ ಸಂಖ್ಯೆ 123ರಿಂದ 127 ಹಾಗೂ 193ರಿಂದ 199ರವರೆಗಿನ ಮಾನ್ಯ ಸದಸ್ಯರ ಹಾಜರಾತಿ ವಹಿಯ ದೃಢೀಕೃತ ಪ್ರತಿಗಳನ್ನು ಹಾಗೂ ಗೈರುಹಾಜರಿಗೆ ಅನುಮತಿ ನೀಡಿದ ಪತ್ರಗಳಿದ್ದಲ್ಲಿ ಅವುಗಳ ಪ್ರತಿಗಳನ್ನು ನೀಡುವುದು.’

ಪ್ರತಿಯೊಂದು ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ, ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ. ‘ಸದನದ ಹಕ್ಕುಚ್ಯುತಿ’ ಎಂದು ಸೆಕ್ಷನ್ 8(1)(ಸಿ) ತೋರಿಸಿದರೆ, ಸಹಿ ಹಾಕಿದ ವಹಿಯ ಪ್ರತಿಯಿಂದ ಹಕ್ಕುಚ್ಯುತಿ ಹೇಗಾಗುತ್ತದೆಂದು ವಿವರಿಸುವ ಹೊಣೆ ಅಧಿಕಾರಿಯದೇ. ಮೇಲ್ಮನವಿಯಲ್ಲಿ ಇದೊಂದನ್ನೇ ಎತ್ತಿ.

ಹಾಜರಾತಿಗೆ ಒಂದು ಮಿತಿ ಇದೆ. ಸಹಿ ಎಂದರೆ ಆ ದಿನ ಬಂದಿದ್ದರು ಎಂದಷ್ಟೇ ಅರ್ಥ, ಮಧ್ಯಾಹ್ನದ ಕಲಾಪದಲ್ಲಿ ಕೂತಿದ್ದರು ಎಂದಲ್ಲ. ಅದಕ್ಕೆ ಸಣ್ಣದೊಂದು ಪರೀಕ್ಷೆ ಮಾಡಬಹುದು. ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಬಾಯಿಮಾತಿನ ಉತ್ತರ ಕೊಡುವ) ಪ್ರಶ್ನೆ ಪಟ್ಟಿಯಲ್ಲಿ ಸದಸ್ಯರ ಹೆಸರು ಬಂದ ದಿನ ಅವರು ಎದ್ದುನಿಂತು ಉಪಪ್ರಶ್ನೆ ಕೇಳಿದರೇ ಎಂದು ನಡಾವಳಿಯಲ್ಲಿ ನೋಡಿ. ವಹಿಯಲ್ಲಿ ಸಹಿ ಇದ್ದು, ತಮ್ಮದೇ ಪ್ರಶ್ನೆ ಬಂದಾಗ ಆಸನದಲ್ಲಿ ಇಲ್ಲದ ಪ್ರಸಂಗಗಳು ಎಷ್ಟು ಎಂದು ಎಣಿಸಿದರೆ ಶೇಕಡಾವಾರು ಹಾಜರಾತಿಗಿಂತ ಹೆಚ್ಚು ತಿಳಿಯುತ್ತದೆ.

ಹೆಜ್ಜೆ 3: ಪ್ರಶ್ನೆ, ಸೂಚನೆ, ಮಾತು

ಪ್ರಶ್ನೋತ್ತರ ಪಟ್ಟಿ ಮತ್ತು ನಡಾವಳಿಗಳು ವಿಧಾನಸಭೆಯ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ತೊಂದರೆ ಇರುವುದು ಅಕ್ಷರದಲ್ಲಿ. ಹಳೆಯ ಎಷ್ಟೋ ಕಡತಗಳು ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟಿನವು. ಪರದೆ ಮೇಲೆ ಕನ್ನಡ ಕಾಣುತ್ತದೆ, ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲೂ ಒಮ್ಮೊಮ್ಮೆ ಮುರಿಯುತ್ತವೆ. ಸ್ಕ್ಯಾನ್ ಮಾಡಿದ ಪುಟಗಳಿಗೆ ಟೆಸರಾಕ್ಟ್ ಎಂಬ ತಂತ್ರಾಂಶದ ಕನ್ನಡ ಓಸಿಆರ್ (ಚಿತ್ರದಿಂದ ಅಕ್ಷರ ಓದುವ ಸೌಲಭ್ಯ) ಇದೆ, ಆದರೆ ಫಲಿತಾಂಶವನ್ನು ಕಣ್ಣಲ್ಲಿ ನೋಡದೆ ನಂಬಬೇಡಿ.

ಇದರ ಜೊತೆ ಹೆಸರಿನ ಗೋಜಲು. ‘ಹೆಚ್.’ ಮತ್ತು ‘ಎಚ್.’, ಇನಿಷಿಯಲ್ ಹಿಂದೆ ಮುಂದೆ, ಗೌಡರ ಹೆಸರಿನಲ್ಲಿ ಜಾಗ ಬಿಟ್ಟದ್ದು ಬಿಡದ್ದು, ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆ ನಡುವೆ ಸೇರಿಕೊಂಡದ್ದು. ಹೆಸರನ್ನು ಕೀಲಿಯಾಗಿ ಬಳಸಿದರೆ ಒಬ್ಬರೇ ಶಾಸಕರು ಮೂವರಾಗುತ್ತಾರೆ. ಕ್ಷೇತ್ರ ಸಂಖ್ಯೆಯನ್ನೇ ಕೀಲಿ ಮಾಡಿ: ಶೃಂಗೇರಿ 123, ಮೂಡಿಗೆರೆ 124, ಚಿಕ್ಕಮಗಳೂರು 125, ತರೀಕೆರೆ 126, ಕಡೂರು 127. ಶ್ರವಣಬೆಳಗೊಳ 193, ಅರಸೀಕೆರೆ 194, ಬೇಲೂರು 195, ಹಾಸನ 196, ಹೊಳೆನರಸೀಪುರ 197, ಅರಕಲಗೂಡು 198, ಸಕಲೇಶಪುರ 199.

ಪ್ರತಿ ಪ್ರಶ್ನೆಗೆ ಒಂದು ಸಾಲು. ಕಾಲಂಗಳು: ದಿನಾಂಕ, ಪ್ರಶ್ನೆ ಸಂಖ್ಯೆ, ಕ್ಷೇತ್ರ ಸಂಖ್ಯೆ, ಚುಕ್ಕೆ ಗುರುತಿನದೋ ಅಲ್ಲವೋ, ಇಲಾಖೆ, ವಿಷಯ, ಊರಿನ ಹೆಸರು ಇದೆಯೇ, ಉತ್ತರ ಬಂತೇ, ಉತ್ತರದಲ್ಲಿ ಅಂಕಿಅಂಶ ಇದೆಯೇ. ನಿಲುವಳಿ ಸೂಚನೆ (ನಿಯಮ 60), ನಿಯಮ 69ರ ಚರ್ಚೆ, ಗಮನ ಸೆಳೆಯುವ ಸೂಚನೆ (ನಿಯಮ 73), ನಿಯಮ 351ರ ಪ್ರಸ್ತಾಪ, ಶೂನ್ಯ ವೇಳೆ ಇವುಗಳಿಗೆ ಬೇರೆ ಹಾಳೆ. ಇವನ್ನೆಲ್ಲ ಪ್ರಶ್ನೆಗಳ ಜೊತೆ ಕೂಡಿಸಿ ಒಂದೇ ಸಂಖ್ಯೆ ಮಾಡಬೇಡಿ. ಚುಕ್ಕೆ ಇಲ್ಲದ ಪ್ರಶ್ನೆಯನ್ನು ಆಪ್ತ ಸಹಾಯಕರು ಟೈಪು ಮಾಡಿ ಕೊಟ್ಟರೂ ನಡೆಯುತ್ತದೆ, ಸದನದಲ್ಲಿ ನಿಂತು ಮಾತಾಡಲು ಶಾಸಕರೇ ಬೇಕು.

ಪ್ರಶ್ನೆ ಎಣಿಕೆಯಲ್ಲಿ ಮೋಸಹೋಗುವ ಜಾಗಗಳಿವು. ಒಂದೇ ಪ್ರಶ್ನೆಯನ್ನು ನಾಲ್ಕು ಸದಸ್ಯರು ಕೇಳಿ ಒಟ್ಟಿಗೆ ಉತ್ತರ ಬಂದಿರುತ್ತದೆ. ನಾಲ್ವರಿಗೂ ಒಂದೊಂದು ಕೊಡುವಿರೋ, ಕಾಲು ಕಾಲು ಕೊಡುವಿರೋ ಮೊದಲೇ ತೀರ್ಮಾನಿಸಿ ಬರೆದಿಡಿ, ನಡುವೆ ಬದಲಿಸಬೇಡಿ. ‘ಆಲೂರು ತಾಲ್ಲೂಕಿನಲ್ಲಿ ಎಷ್ಟು ಅಂಗನವಾಡಿಗಳಿವೆ’ ಎಂಬುದನ್ನು ಇಲಾಖೆ, ತಾಲ್ಲೂಕು ಬದಲಿಸಿ ಹತ್ತು ಸಲ ಕೇಳಿದ್ದರೆ ಅದನ್ನು ‘ಅಚ್ಚು ಪ್ರಶ್ನೆ’ ಎಂದು ಗುರುತಿಸಿ ಒಟ್ಟು ಸಂಖ್ಯೆಯ ಪಕ್ಕದಲ್ಲಿ ಭಿನ್ನ ಪ್ರಶ್ನೆಗಳ ಸಂಖ್ಯೆಯನ್ನೂ ಕೊಡಿ. ಮಾತಿನ ಎಣಿಕೆಯಲ್ಲಿ ಕನಿಷ್ಠ 50 ಪದದ ಮಿತಿ ಇಡಿ. ಇಲ್ಲದಿದ್ದರೆ ಕೂತಲ್ಲೇ ‘ಕೂತ್ಕೊಳ್ರೀ’ ಎಂದು ಕೂಗಿದವರೂ ಚರ್ಚೆಯಲ್ಲಿ ಭಾಗವಹಿಸಿದವರಾಗುತ್ತಾರೆ.

ಹೆಜ್ಜೆ 4: ಯಾರ ಜೊತೆ ಯಾರನ್ನು ಹೋಲಿಸುವುದು

ಇಡೀ ಕೆಲಸದ ತಿರುಳು ಇರುವುದು ಇಲ್ಲಿ. 2023ರ ಚುನಾವಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದೂ ಸ್ಥಾನ ಕಾಂಗ್ರೆಸ್ ಪಾಲಾದವು. ಹಾಸನದಲ್ಲಿ ಜೆಡಿಎಸ್ ನಾಲ್ಕು, ಬಿಜೆಪಿ ಎರಡು, ಕಾಂಗ್ರೆಸ್ ಒಂದು. ಅಂದರೆ ಒಂದು ಜಿಲ್ಲೆ ಪೂರ್ತಿ ಆಡಳಿತ ಪಕ್ಷ, ಇನ್ನೊಂದರಲ್ಲಿ ಏಳಕ್ಕೆ ಆರು ವಿರೋಧ ಪಕ್ಷ. ವಿರೋಧ ಪಕ್ಷದವರಿಗೆ ಸದನವೇ ಮುಖ್ಯ ವೇದಿಕೆ. ಆಡಳಿತ ಪಕ್ಷದ ಶಾಸಕರು ಅದೇ ವಿಷಯವನ್ನು ಸಚಿವರ ಕೊಠಡಿಗೆ ಹೋಗಿ ಮುಗಿಸಿಕೊಂಡು ಬರುತ್ತಾರೆ. ‘ಹಾಸನದವರು ಚಿಕ್ಕಮಗಳೂರಿನವರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾರೆ’ ಎಂದು ಕೋಷ್ಟಕ ಹಾಕಿದರೆ, ರೊಬಸ್ಟಾ ತೋಟದ ಇಳುವರಿ ತೋರಿಸಿ ಅರೇಬಿಕಾ ಬೆಳೆಗಾರನಿಗೆ ಬೇಸಾಯ ಬರುವುದಿಲ್ಲ ಎಂದಂತಾಗುತ್ತದೆ.

ಆದ್ದರಿಂದ ಇಡೀ ಸದನದ 224 ಸದಸ್ಯರ ಎಣಿಕೆ ಒಮ್ಮೆ ಮಾಡಲೇಬೇಕು. ಪ್ರಶ್ನೆ ಪಟ್ಟಿಯಲ್ಲಿ ಎಲ್ಲರ ಹೆಸರೂ ಇರುವುದರಿಂದ ಕೆಲಸ ಅಂದುಕೊಂಡಷ್ಟು ದೊಡ್ಡದಲ್ಲ. ಸಚಿವರನ್ನು ಬಿಟ್ಟು, ಆಡಳಿತ ಪಕ್ಷದವರಿಗೆ ಒಂದು ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ನಿಲ್ಲುವ ಸಂಖ್ಯೆ), ವಿರೋಧ ಪಕ್ಷದವರಿಗೆ ಒಂದು ಮಧ್ಯಾಂಕ ತೆಗೆಯಿರಿ. ಸರಾಸರಿ ಬೇಡ. ಕೆಲವೇ ಸದಸ್ಯರು ರಾಶಿಗಟ್ಟಲೆ ಪ್ರಶ್ನೆ ಕೊಡುವುದರಿಂದ ಸರಾಸರಿ ಮೇಲಕ್ಕೆ ಎಳೆದುಕೊಳ್ಳುತ್ತದೆ, ಬಹುಪಾಲು ಸದಸ್ಯರು ‘ಸರಾಸರಿಗಿಂತ ಕಡಿಮೆ’ ಆಗಿಬಿಡುತ್ತಾರೆ.

ಕಾಲ್ಪನಿಕ ಅಂಕಿಯಲ್ಲಿ ಮಾಡಿ ನೋಡೋಣ. ವರ್ಷದಲ್ಲಿ ಸದನ 45 ದಿನ ಸೇರಿದೆ. ಶಾಸಕ ‘ಕ’ ಆಡಳಿತ ಪಕ್ಷ, ಲಭ್ಯ ದಿನ 45, ಪ್ರಶ್ನೆ 54. ‘ಖ’ ವಿರೋಧ ಪಕ್ಷ, ಲಭ್ಯ ದಿನ 45, ಪ್ರಶ್ನೆ 90. ‘ಗ’ ಆಡಳಿತ ಪಕ್ಷ, ಉಪಚುನಾವಣೆಯಲ್ಲಿ ಗೆದ್ದದ್ದರಿಂದ ಲಭ್ಯ ದಿನ 20, ಪ್ರಶ್ನೆ 30. ಬರೀ ಪ್ರಶ್ನೆ ಎಣಿಸಿದರೆ ಖ ಮೊದಲು, ಕ ಎರಡನೆಯವರು, ಗ ಕೊನೆ. ಲಭ್ಯ ದಿನದಿಂದ ಭಾಗಿಸಿ: ಕ 1.2, ಖ 2.0, ಗ 1.5. ಆಡಳಿತ ಪಕ್ಷದ ಮಧ್ಯಾಂಕ 0.8, ವಿರೋಧ ಪಕ್ಷದ್ದು 2.0 ಎಂದಿಟ್ಟುಕೊಂಡು ಅವರವರ ಗುಂಪಿನ ಮಧ್ಯಾಂಕದಿಂದ ಮತ್ತೆ ಭಾಗಿಸಿ: ಕ 1.5, ಖ 1.0, ಗ 1.88. ಸಾಲು ಪೂರ್ತಿ ಅದಲುಬದಲು. 90 ಪ್ರಶ್ನೆ ಕೇಳಿದವರು ತಮ್ಮ ಗುಂಪಿನಲ್ಲಿ ಸಾಧಾರಣ, 30 ಕೇಳಿದವರು ಮುಂದೆ.

ಹಾಗಂತ ಗ ಅವರನ್ನು ‘ನಂಬರ್ ಒನ್’ ಮಾಡುವ ಮುನ್ನ ಇನ್ನೊಂದು ಲೆಕ್ಕ. ಎಣಿಕೆಯ ಸಂಖ್ಯೆಗಳಲ್ಲಿ ಆಕಸ್ಮಿಕದ ಪಾಲು ಸುಮಾರು ಆ ಸಂಖ್ಯೆಯ ವರ್ಗಮೂಲದಷ್ಟು. ಅದರ ಎರಡರಷ್ಟನ್ನು ಎರಡೂ ಕಡೆ ಬಿಡಿ. 30ರ ವರ್ಗಮೂಲ 5.5, ಹಾಗಾಗಿ ಗ ಅವರ ವ್ಯಾಪ್ತಿ 19ರಿಂದ 41 ಪ್ರಶ್ನೆ, ಅನುಪಾತದಲ್ಲಿ 1.19ರಿಂದ 2.56. ಕ ಅವರದು 54, ವರ್ಗಮೂಲ 7.3, ವ್ಯಾಪ್ತಿ 39ರಿಂದ 69, ಅನುಪಾತ 1.09ರಿಂದ 1.91. ಎರಡೂ ಒಂದರ ಮೇಲೊಂದು ಹೊದ್ದುಕೊಂಡಿವೆ. ಇಬ್ಬರೂ ತಮ್ಮ ಗುಂಪಿನ ಮಧ್ಯಾಂಕಕ್ಕಿಂತ ಮೇಲಿದ್ದಾರೆ ಎನ್ನಬಹುದು. ಅವರಿಬ್ಬರಲ್ಲಿ ಯಾರು ಮುಂದೆ ಎಂದು ಹೇಳಲು ಈ ಅಂಕಿ ಸಾಲದು. ಪ್ರಶ್ನೆಗಳು ಬಿಡಿಬಿಡಿಯಾಗಿ ಬಾರದೆ ಕಂತೆಯಾಗಿ ಬರುವುದರಿಂದ ನಿಜವಾದ ವ್ಯಾಪ್ತಿ ಇದಕ್ಕಿಂತ ಅಗಲವೇ ಇರುತ್ತದೆ. ಹಾಜರಾತಿಗೆ ಈ ಲೆಕ್ಕ ಬೇಡ. ಅದು ಎಲ್ಲ ದಿನಗಳ ಪೂರ್ಣ ಎಣಿಕೆ.

ನಮ್ಮ ಎರಡು ಜಿಲ್ಲೆಗಳಿಗೆ ಇನ್ನೊಂದು ಅನುಕೂಲ ಇದೆ, ಬೇರೆ ಕಡೆ ಸುಲಭಕ್ಕೆ ಸಿಗದು. 2018ರಲ್ಲಿ ಗೆದ್ದ 12 ಜನರಲ್ಲಿ ಏಳು ಮಂದಿ 2019ರ ಜುಲೈವರೆಗೆ ಆಡಳಿತ ಪಕ್ಷದ ಕಡೆ, ಆಮೇಲೆ ವಿರೋಧದ ಕಡೆ. ಉಳಿದ ಐವರು ಸರಿಯಾಗಿ ಅದರ ಉಲ್ಟಾ. ಒಂದೇ ಅವಧಿಯಲ್ಲಿ ಹನ್ನೆರಡೂ ಮಂದಿ ಪಕ್ಕ ಬದಲಿಸಿ ಕೂತರು. ಸಚಿವರಾಗಿದ್ದ ಇಬ್ಬರನ್ನು ಬಿಟ್ಟರೂ ಹತ್ತು ಜನರ ದರವನ್ನು ಅವರದೇ ಹಿಂದಿನ ದರದ ಜೊತೆ ಹೋಲಿಸಬಹುದು. ವಿರೋಧ ಪಕ್ಷಕ್ಕೆ ಹೋದಾಗ ಮಾತ್ರ ಪ್ರಶ್ನೆ ಏರಿ, ಆಡಳಿತಕ್ಕೆ ಬಂದಾಗ ಸೊನ್ನೆಗೆ ಇಳಿಯುವವರು ಯಾರು, ಎಲ್ಲಿ ಕೂತರೂ ಒಂದೇ ಲಯದಲ್ಲಿ ಕೇಳುವವರು ಯಾರು ಎಂಬುದು ಇದರಲ್ಲಿ ಗೊತ್ತಾಗುತ್ತದೆ. ಕೋವಿಡ್‌ನಿಂದ ಕಲಾಪ ಮೊಟಕಾದ 2020–21ರ ದಿನಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಅವು ಇಲ್ಲದೆಯೂ ಒಮ್ಮೆ ಲೆಕ್ಕ ಹಾಕಿ.

ಹೆಜ್ಜೆ 5: ಕೇಳಿದ್ದು ಯಾವುದರ ಬಗ್ಗೆ

ವಿಷಯ ವಿಂಗಡಣೆಗೆ ಕ್ಷೇತ್ರಕ್ಕೆ ತಕ್ಕ ಪದಪಟ್ಟಿ ಬೇಕು. ಸಕಲೇಶಪುರ, ಬೇಲೂರು, ಮೂಡಿಗೆರೆಗೆ ಕಾಡಾನೆ, ಬೆಳೆಹಾನಿ ಪರಿಹಾರ, ಕಾಫಿ, ಒತ್ತುವರಿ. ಸಕಲೇಶಪುರಕ್ಕೆ ಜೊತೆಗೆ ಎತ್ತಿನಹೊಳೆ, ಶಿರಾಡಿ ಘಾಟ್ ಭೂಕುಸಿತ. ಶೃಂಗೇರಿ, ಕೊಪ್ಪ ಕಡೆಗೆ ಅಡಿಕೆಯ ಹಳದಿ ಎಲೆ ರೋಗ, ಅರಣ್ಯ ಹಕ್ಕು. ಕಡೂರು, ಅರಸೀಕೆರೆಗೆ ಕುಡಿಯುವ ನೀರು, ಕೆರೆ ತುಂಬಿಸುವುದು, ತೆಂಗು. ಹಾಸನದ ಬಯಲಿಗೆ ಆಲೂಗಡ್ಡೆಯ ಅಂಗಮಾರಿ. ಪದ ಹುಡುಕಿದರೆ ಸಾಲದು, ‘ಆನೆ’ ಎಂದು ಹುಡುಕಿದರೆ ‘ವನ್ಯಪ್ರಾಣಿ ಉಪಟಳ’ ಎಂದು ಕೇಳಿದ ಪ್ರಶ್ನೆ ತಪ್ಪಿಹೋಗುತ್ತದೆ. ಓದಿಯೇ ವಿಂಗಡಿಸಿ.

ಓದುವವರು ಇಬ್ಬರಿರಲಿ, ಒಬ್ಬರದು ಇನ್ನೊಬ್ಬರು ನೋಡದಿರಲಿ. ಮೊದಲ 50 ಪ್ರಶ್ನೆಗಳನ್ನು ಇಬ್ಬರೂ ‘ಕ್ಷೇತ್ರದ್ದು’, ‘ರಾಜ್ಯದ್ದು’ ಎಂದು ಬೇರೆ ಬೇರೆ ಗುರುತಿಸಿ ತಾಳೆ ನೋಡಿ. 42ರಲ್ಲಿ ಒಮ್ಮತ ಬಂದರೆ 84% ಆಯಿತು, ಖುಷಿಪಡುವ ಹಾಗೆ ಕಾಣುತ್ತದೆ. ಆದರೆ ಒಬ್ಬರು 30, ಇನ್ನೊಬ್ಬರು 28 ಪ್ರಶ್ನೆಗಳಿಗೆ ‘ಕ್ಷೇತ್ರದ್ದು’ ಎಂದಿದ್ದರೆ ಕಣ್ಣುಮುಚ್ಚಿ ಗುರುತು ಹಾಕಿದ್ದರೂ 51% ಒಮ್ಮತ ಬರುತ್ತಿತ್ತು (0.60 × 0.56 + 0.40 × 0.44 = 0.512). ಆ ಅದೃಷ್ಟದ ಪಾಲು ಕಳೆದರೆ ಉಳಿಯುವುದು ಕಪ್ಪಾ: (0.84 − 0.512) ÷ (1 − 0.512) = 0.67. ಇದು ಪರವಾಗಿಲ್ಲ ಎನ್ನುವ ಮಟ್ಟ. 0.7 ದಾಟುವವರೆಗೆ ಜಗಳವಾದ ಎಂಟು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನಿಯಮ ಬಿಗಿ ಮಾಡಿ, ಹೊಸ 50 ತೆಗೆದುಕೊಳ್ಳಿ. ಜಗಳ ಹೆಚ್ಚಾಗಿ ಆಗುವುದು ‘ಹಾಸನ ಜಿಲ್ಲೆಯೂ ಸೇರಿದಂತೆ ರಾಜ್ಯದಲ್ಲಿ’ ಎಂದು ಶುರುವಾಗುವ ಪ್ರಶ್ನೆಗಳಲ್ಲೇ.

ಹೆಜ್ಜೆ 6: ತಾಲ್ಲೂಕು ಕಚೇರಿಯಲ್ಲಿರುವ ಕಡತ

ಬೆಂಗಳೂರಿನ ದಾಖಲೆ ಮಾತ್ರ ನೋಡಿದರೆ ಅರ್ಧ ಶಾಸಕರನ್ನಷ್ಟೇ ನೋಡಿದ ಹಾಗೆ. ಬಗರ್‌ಹುಕುಂ ಸಾಗುವಳಿ ಸಕ್ರಮ ಸಮಿತಿಗೆ ಶಾಸಕರೇ ಅಧ್ಯಕ್ಷರು. ಮಲೆನಾಡಿನ ಬಡ ಸಾಗುವಳಿದಾರನಿಗೆ ಇದರಷ್ಟು ಹತ್ತಿರದ ವಿಷಯ ಇನ್ನೊಂದಿಲ್ಲ. ಸಭೆ ಕರೆಯದಿದ್ದರೆ ಅರ್ಜಿ ಅಲ್ಲೇ ಕೊಳೆಯುತ್ತದೆ. ತಹಶೀಲ್ದಾರರಿಗೆ ಒಂದು ಅರ್ಜಿ ಹಾಕಿ ಸಮಿತಿ ಸಭೆಗಳ ನೋಟಿಸ್, ನಡಾವಳಿ, ಹಾಜರಿ ಪುಟ ಕೇಳಿ. ಫಾರಂ 50, 53, 57ರಡಿ ಬಾಕಿ ಇರುವ ಅರ್ಜಿಗಳ ವಹಿಯನ್ನು ಬೇರೆ ಅರ್ಜಿಯಲ್ಲಿ ಕೇಳಿ. ಲೆಕ್ಕ ಹಾಕಬೇಕಾದದ್ದು ವರ್ಷಕ್ಕೆ ಎಷ್ಟು ಸಭೆ, ಒಂದು ಸಭೆಯಿಂದ ಇನ್ನೊಂದಕ್ಕೆ ಮಧ್ಯಾಂಕ ಅಂತರ ಎಷ್ಟು ದಿನ, ಸಭೆಗೆ ಎಷ್ಟು ಅರ್ಜಿ ತೀರ್ಮಾನ. ಮಂಜೂರಾದದ್ದು, ತಿರಸ್ಕಾರವಾದದ್ದು ಎರಡೂ ತೀರ್ಮಾನವೇ. ಬರೀ ಮಂಜೂರಾತಿ ಎಣಿಸಿದರೆ ಅರಣ್ಯ ಭೂಮಿಯ ಅರ್ಜಿ ಹೆಚ್ಚಿರುವ ತಾಲ್ಲೂಕಿನ ಶಾಸಕರಿಗೆ ಅನ್ಯಾಯ. ಸಮಿತಿಯನ್ನೇ ಸರ್ಕಾರ ರಚಿಸದ ತಿಂಗಳುಗಳನ್ನು ಛೇದದಿಂದ ಕಳೆಯಿರಿ.

ತಾಲ್ಲೂಕು ಪಂಚಾಯಿತಿಯಿಂದ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ ಪ್ರಗತಿ ಪರಿಶೀಲನೆ) ಸಭೆಯ ನಡಾವಳಿ ತೆಗೆಸಿ. ಹಿಂದಿನ ಸಭೆಯ ಸೂಚನೆಗಳ ಅನುಪಾಲನಾ ವರದಿ ಎಂಬ ಭಾಗ ಅದರಲ್ಲಿರುತ್ತದೆ. ಒಂದೇ ಸೂಚನೆ ಮೂರು ಸಭೆಗಳಲ್ಲಿ ಅದೇ ಮಾತಲ್ಲಿ ಮರುಕಳಿಸಿದ್ದರೆ ಸಭೆ ನಡೆದದ್ದು ಕಾಗದಕ್ಕಷ್ಟೇ.

ಇಲ್ಲಿ ಗಡಿ ಒಂದು ತಲೆನೋವು. ತಾಲ್ಲೂಕು ಬೇರೆ, ಕ್ಷೇತ್ರ ಬೇರೆ. ಶೃಂಗೇರಿ ಕ್ಷೇತ್ರದೊಳಗೆ ಕೊಪ್ಪ, ನರಸಿಂಹರಾಜಪುರವೂ ಬರುತ್ತವೆ. ಸಕಲೇಶಪುರ ಕ್ಷೇತ್ರಕ್ಕೆ ಆಲೂರು ತಾಲ್ಲೂಕು, ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿ ಸೇರಿವೆ. ಶ್ರವಣಬೆಳಗೊಳ ಎಂಬ ತಾಲ್ಲೂಕೇ ಇಲ್ಲ, ಕಡತ ಇರುವುದು ಚನ್ನರಾಯಪಟ್ಟಣದಲ್ಲಿ. ಮೂರು ತಾಲ್ಲೂಕಿನ ಶಾಸಕರು ನಡೆಸಬೇಕಾದ ಸಭೆಗಳ ಸಂಖ್ಯೆಯೂ ಮೂರರಷ್ಟು. ತಾಲ್ಲೂಕಿಗೆ ವರ್ಷಕ್ಕೆ ನಾಲ್ಕು ಕೆಡಿಪಿ ಸಭೆ ಎಂದು ಹಿಡಿದು ಛೇದ ಹಾಕಿ.

ಹೆಜ್ಜೆ 7: ಶಾಸಕರ ನಿಧಿ

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ. ಕಡತ ಜಿಲ್ಲಾಧಿಕಾರಿ ಕಚೇರಿಯಲ್ಲಿ. ‘ಎಷ್ಟು ಶೇಕಡಾ ಖರ್ಚು’ ಎಂಬ ಒಂದೇ ಅಂಕಿಯನ್ನು ಪತ್ರಿಕೆಗಳು ಅಚ್ಚು ಹಾಕುತ್ತವೆ. ಅದರಲ್ಲಿ ಶಾಸಕರ ಪಾಲು ಕಡಿಮೆ. ಶಾಸಕರು ಕಾಮಗಾರಿ ಸೂಚಿಸುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿಯದು, ಕೆಲಸ ಅನುಷ್ಠಾನ ಏಜೆನ್ಸಿಯದು. ನಾಲ್ಕು ದಿನಾಂಕ ಕೇಳಿ: ಸೂಚಿಸಿದ್ದು, ಮಂಜೂರಾದದ್ದು, ಕೆಲಸ ಶುರುವಾದದ್ದು, ಮುಗಿದದ್ದು. ಆರ್ಥಿಕ ವರ್ಷ ಶುರುವಾಗಿ ಸೂಚನೆ ಕೊಡುವವರೆಗಿನ ದಿನಗಳು ಮಾತ್ರ ಶಾಸಕರ ಖಾತೆಗೆ. ಮಾರ್ಚ್‌ನಲ್ಲಿ ಒಟ್ಟಿಗೆ ಸೂಚಿಸಿ ಏಪ್ರಿಲ್‌ನಲ್ಲಿ ‘ಅಧಿಕಾರಿಗಳು ಖರ್ಚು ಮಾಡಲಿಲ್ಲ’ ಎನ್ನುವುದು ಇದರಲ್ಲಿ ಸಿಕ್ಕಿಬೀಳುತ್ತದೆ.

ಹಣ ಎಲ್ಲಿಗೆ ಹೋಯಿತು ಎಂಬುದನ್ನು ಗ್ರಾಮ ಪಂಚಾಯಿತಿವಾರು ಹಾಕಿ, ಚುನಾವಣಾ ಆಯೋಗದ ನಮೂನೆ 20ರಲ್ಲಿ ಸಿಗುವ ಮತಗಟ್ಟೆವಾರು ಮತಗಳ ಪಕ್ಕ ಇಡಿ. ಶಾಸಕರಿಗೆ ಬಿದ್ದ ಮತದ ಪಾಲು, ಪಂಚಾಯಿತಿಗೆ ಸಿಕ್ಕ ತಲಾ ಹಣ ಇವೆರಡರ ನಡುವೆ ಸ್ಪಿಯರ್‌ಮನ್ ಶ್ರೇಣಿ ಸಹಸಂಬಂಧ (ಎರಡೂ ಒಟ್ಟಿಗೆ ಏರಿಳಿಯುತ್ತವೆಯೇ ಎಂದು ತೋರಿಸುವ ಅಂಕಿ) ತೆಗೆಯಿರಿ: ಎರಡೂ ಕಾಲಂಗಳಿಗೆ ಶ್ರೇಣಿ ಕೊಟ್ಟು, ಆ ಶ್ರೇಣಿಗಳ ಮೇಲೆ ಎಕ್ಸೆಲ್‌ನ ಕೊರಲ್ ಫಂಕ್ಷನ್ ಓಡಿಸಿದರೆ ಸಾಕು. ಬರುವ ಅಂಕಿ ಹೆಚ್ಚಿದ್ದರೆ ಹಣ ಮತದ ಹಿಂದೆ ಹೋಗಿರಬಹುದು. ‘ಇರಬಹುದು’ ಎಂದೇ ಬರೆಯಿರಿ. ಮಲೆನಾಡಿನಲ್ಲಿ ಒಂದು ಪಂಚಾಯಿತಿಯ ಜನ ಕಡಿಮೆ, ಮನೆಗಳು ಗುಡ್ಡಕ್ಕೊಂದು, ಕಾಲುಸಂಕ ಒಂದಕ್ಕೇ ಲಕ್ಷಗಟ್ಟಲೆ. ಬಯಲು ಹೋಬಳಿಗಿಂತ ತಲಾ ಹಣ ಜಾಸ್ತಿ ಕಂಡರೆ ಪಕ್ಷಪಾತವೇ ಆಗಬೇಕಿಲ್ಲ. ಮಲೆನಾಡು, ಬಯಲು ಬೇರೆ ಮಾಡಿ ಎರಡು ಸಲ ಲೆಕ್ಕ ಹಾಕಿ. ಜನಸಂಖ್ಯೆಗೆ 2011ರ ಜನಗಣತಿಯನ್ನೇ ಬಳಸುತ್ತಿದ್ದರೆ ಆ ವರ್ಷವನ್ನು ಕೋಷ್ಟಕದ ತಲೆಯಲ್ಲೇ ಬರೆಯಿರಿ.

ಹೆಜ್ಜೆ 8: ಒಂದೇ ಅಂಕ ಕೊಡುವ ಆಸೆ

ಹಾಜರಾತಿಗೆ 30, ಪ್ರಶ್ನೆಗೆ 30, ನಿಧಿಗೆ 40 ಎಂದು ತೂಕ ಕೊಟ್ಟು ಶಾಸಕರಿಗೆ ನೂರಕ್ಕೆ ಅಂಕ ಹಾಕುವುದು ಆಕರ್ಷಕ, ಬೇಗ ಹರಡುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬೇಡ. ಹಾಕಲೇಬೇಕೆಂದರೆ ತೂಕಗಳನ್ನು ಹತ್ತು ರೀತಿ ಬದಲಿಸಿ ಪ್ರತಿ ಸಲವೂ ಶ್ರೇಣಿ ಬರೆದಿಡಿ. ಮೂರನೇ ಸ್ಥಾನದಲ್ಲಿದ್ದವರು ತೂಕ ಬದಲಾದಂತೆ ಒಂದರಿಂದ ಒಂಬತ್ತರವರೆಗೆ ಓಡಾಡಿದರೆ ಆ ಶ್ರೇಣಿ ಶಾಸಕರದ್ದಲ್ಲ, ತೂಕ ಕೊಟ್ಟವರದ್ದು. ಪ್ರತಿ ಅಳತೆಗೂ ಗುಂಪಿನ ಮಧ್ಯಾಂಕ, ಶಾಸಕರ ದರ, ವ್ಯಾಪ್ತಿ ಮೂರನ್ನೂ ಒಂದೇ ಸಾಲಿನಲ್ಲಿ ತೋರಿಸುವ ಸರಳ ಚಿತ್ರ ಹನ್ನೆರಡು ಕ್ಷೇತ್ರಕ್ಕೂ ಒಂದೇ ಪುಟದಲ್ಲಿ ಹಿಡಿಯುತ್ತದೆ.

ಹೆಜ್ಜೆ 9: ಹೊರಗೆ ಬಿಡುವ ಮುನ್ನ

ಕರಡನ್ನು ಮೂಲ ಹಾಳೆಗಳ ಸಮೇತ ಆಯಾ ಶಾಸಕರ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ 15 ದಿನ ಕಾಲಾವಕಾಶ ಕೊಡಿ. ಬರುವ ತಕರಾರು ಹೆಚ್ಚಾಗಿ ಎರಡು ಬಗೆ. ‘ಆ ದಿನ ಸದನ ಸಮಿತಿ ಪ್ರವಾಸದಲ್ಲಿದ್ದೆ’ ಎಂಬುದಕ್ಕೆ ಪತ್ರ ತೋರಿಸಿದರೆ ತಿದ್ದಿ. ‘ಕ್ಷೇತ್ರದಲ್ಲಿ ಮದುವೆ, ಸಾವು, ಜಾತ್ರೆಗೆ ಹೋಗುವುದೂ ಕೆಲಸವೇ’ ಎಂಬ ಮಾತಿನಲ್ಲಿ ಸತ್ಯ ಇದೆ, ಆದರೆ ಅದಕ್ಕೆ ವಹಿ ಇಲ್ಲ. ಆ ಉತ್ತರವನ್ನು ಅವರ ಮಾತಲ್ಲೇ ವರದಿಯಲ್ಲಿ ಸೇರಿಸಿ. ತಿದ್ದಿದ ಪ್ರತಿ ಅಂಕಿಗೂ ಹಳೆಯದು, ಹೊಸದು, ಕಾರಣ, ದಿನಾಂಕ ಎಂಬ ನಾಲ್ಕು ಕಾಲಂನ ತಿದ್ದುಪಡಿ ಹಾಳೆ ಇಡಿ, ಅದನ್ನೂ ವರದಿ ಜೊತೆಗೇ ಕೊಡಿ. ಮುಂದಿನ ಅಧಿವೇಶನ ಮುಗಿದು ನಡಾವಳಿ ಬಂದ ಕೂಡಲೇ ಛೇದದ ಹಾಳೆಯಿಂದ ಮತ್ತೆ ಶುರು ಮಾಡಿ. ಐದು ವರ್ಷದ ಕೊನೆಗೆ ಒಟ್ಟಿಗೆ ಮಾಡಲು ಹೋದರೆ ತಾಲ್ಲೂಕು ಕಚೇರಿಯಲ್ಲಿ ಮೊದಲ ವರ್ಷದ ಕಡತ ಹುಡುಕಿಸುವುದರಲ್ಲೇ ಚುನಾವಣೆ ಬಂದಿರುತ್ತದೆ.